ಹಳೆ ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್: ಅದೇ ಥರದ್ದು ಹಾಕೋದಾ, ಹೊರಗಿನದು ತಗೊಳ್ಳೋದಾ, ಆ ಜಾಗಕ್ಕೆ ಹಾರ್ಡ್ ಡಿಸ್ಕ್ ಕೂರಿಸೋದಾ?

ಡಿಸ್ಕ್ ಇಟ್ಟು ಟ್ರೇ ಒಳಗೆ ತಳ್ಳುತ್ತೀರಿ. ಗಿರ್ರ್ ಅಂತ ಒಂದು ಸಲ ತಿರುಗುತ್ತದೆ, ನಿಲ್ಲುತ್ತದೆ. ಮತ್ತೆ ತಿರುಗಲು ನೋಡುತ್ತದೆ, ಟಿಕ್ ಟಿಕ್ ಅನ್ನುತ್ತದೆ, ಆಮೇಲೆ ಸದ್ದೇ ಇಲ್ಲ. ಪರದೆಯ ಮೇಲೆ ಮಾತ್ರ ‘ಡಿಸ್ಕ್ ಹಾಕಿ’ ಅನ್ನುವ ಸಂದೇಶ. ಹತ್ತು ಹದಿನೈದು ವರ್ಷದ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಈ ಸದ್ದು ಚೆನ್ನಾಗಿ ಗೊತ್ತು.

ನನ್ನ ಹತ್ತಿರವೂ ಅಂಥದ್ದೊಂದು ಇದೆ. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಬರೆಯುವ ಕೆಲಸಕ್ಕೆ ಏನೂ ಕೊರತೆ ಇಲ್ಲ. ಡ್ರೈವ್ ಕೈಕೊಟ್ಟಾಗ ಏನು ಮಾಡಬೇಕು ಅಂತ ತುಂಬಾ ದಿನ ಯೋಚಿಸಿದೆ. ಇರುವ ದಾರಿ ನಾಲ್ಕು. ಅದೇ ಥರದ ಡಿವಿಡಿ ರೈಟರ್ ಒಳಗೆ ಹಾಕುವುದು. ಡಿವಿಡಿಗಿಂತ ಜಾಸ್ತಿ ಹಿಡಿಸುವ ಡಿಸ್ಕ್ ಓದುವ ಬ್ಲೂ-ರೇ ಡ್ರೈವ್ ಹಾಕುವುದು. ಯುಎಸ್‌ಬಿಗೆ ಸಿಗಿಸುವ ಹೊರಗಿನ ಡ್ರೈವ್ ತಗೊಳ್ಳುವುದು. ಇಲ್ಲವೇ ಡ್ರೈವ್ ತೆಗೆದು, ಆ ಜಾಗದಲ್ಲಿ ಕ್ಯಾಡಿ ಅನ್ನುವ ಖಾಲಿ ತಟ್ಟೆ ಇಟ್ಟು ಎರಡನೇ ಹಾರ್ಡ್ ಡಿಸ್ಕ್ ಹಾಕುವುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆಯಾದರೂ ಡಿಸ್ಕ್ ಬಳಸುವವರನ್ನು ಬಿಟ್ಟರೆ, ಉಳಿದವರಿಗೆ ಕೊನೆಯ ದಾರಿಯೇ ಒಳ್ಳೆಯದು. ಹಳೆ ಲ್ಯಾಪ್‌ಟಾಪಿನ ಒಳಗಿನ ಜಾಗ ಬೆಲೆಬಾಳುವಂಥದ್ದು. ವರ್ಷಕ್ಕೆ ಎರಡು ಸಲ ತಿರುಗುವ ಡಿಸ್ಕಿಗೆ ಅದನ್ನು ಮೀಸಲಿಡಬೇಕಾಗಿಲ್ಲ. ಆದರೆ ದುಡ್ಡು ಖರ್ಚು ಮಾಡುವ ಮೊದಲು ಒಂದೆರಡು ವಿಷಯ ನೋಡಲೇಬೇಕು.

ಡ್ರೈವ್ ನಿಜವಾಗಿ ಹೋಗಿದೆಯಾ?

ಎಷ್ಟೋ ಸಲ ತಪ್ಪು ಡ್ರೈವಿನದ್ದಲ್ಲ, ಡಿಸ್ಕಿನದ್ದು. ಮನೆಯಲ್ಲಿ ಬರೆದುಕೊಂಡ ಸಿಡಿ, ಡಿವಿಡಿಗಳಲ್ಲಿ ಒಂದು ಬಣ್ಣದ ಪದರ ಇರುತ್ತದೆ. ಮಾಹಿತಿ ದಾಖಲಾಗುವುದು ಅದರಲ್ಲೇ. ಬಿಸಿಲು, ಶಾಖ, ವಯಸ್ಸು ಎಲ್ಲ ಸೇರಿ ಆ ಪದರ ಮಾಸುತ್ತದೆ. ಹಾಗಾಗಿ ಕಾರ್ಖಾನೆಯಲ್ಲೇ ಅಚ್ಚಾಗಿ ಬಂದ ಒಂದು ಡಿಸ್ಕ್ ಹಾಕಿ ನೋಡಿ. ಅದು ಓದಿದರೆ ಡ್ರೈವ್ ಇನ್ನೂ ಜೀವಂತ ಇದೆ ಅಂತ ಅರ್ಥ.

ಇನ್ನೊಂದು ಗುಟ್ಟು. ಸಿಡಿ ಓದಲು ಒಂದು ಲೇಸರ್, ಡಿವಿಡಿ ಓದಲು ಬೇರೆ ಲೇಸರ್. ಸಿಡಿಗೆ 780 ನ್ಯಾನೋಮೀಟರ್ ತರಂಗದ್ದು, ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಲೇಸರ್. ಸಿಡಿ ಎಲ್ಲ ಓದುತ್ತೆ, ಡಿವಿಡಿ ಮಾತ್ರ ಒಂದೂ ಓದಲ್ಲ ಅಂದರೆ ಡಿವಿಡಿ ಲೇಸರ್ ಸೋತಿರುವ ಸಾಧ್ಯತೆ ಜಾಸ್ತಿ. ಅದನ್ನು ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ. ಎರಡೂ ತಡವರಿಸುತ್ತಿದ್ದರೆ ಮೊದಲ ಅನುಮಾನ ಧೂಳಿನ ಮೇಲೆ. ಲ್ಯಾಪ್‌ಟಾಪ್ ಆಫ್ ಮಾಡಿ ಟ್ರೇ ಹೊರಗೆ ಎಳೆದರೆ ಲೆನ್ಸ್ ಕಣ್ಣಿಗೆ ಬೀಳುತ್ತದೆ, ಬೇಳೆಕಾಳಿನಷ್ಟು ಚಿಕ್ಕದು. ಹತ್ತಿಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿ, ಹಗುರವಾಗಿ ಸವರಿ. ಒತ್ತಬೇಡಿ. ಆ ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ಒತ್ತಿದರೆ ಜಾಗ ತಪ್ಪುತ್ತದೆ.

ಡ್ರೈವಿನ ಹೆಸರೇ ವಿಂಡೋಸ್‌ನಲ್ಲಿ ಕಾಣುತ್ತಿಲ್ಲವೇ? ಆಗ ಬಯಾಸ್ (ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ, ವಿಂಡೋಸ್‌ಗಿಂತ ಮೊದಲು ಸಿಗುವ ಸೆಟ್ಟಿಂಗ್ ಪುಟ) ತೆರೆದು ನೋಡಿ. ಬಯಾಸ್‌ನಲ್ಲಿ ಇದ್ದು ವಿಂಡೋಸ್‌ನಲ್ಲಿ ಇಲ್ಲ ಅಂದರೆ ಅದು ಸಾಫ್ಟ್‌ವೇರ್ ತೊಂದರೆ. ಹಳೆಯ ಡಿಸ್ಕ್ ಬರೆಯುವ ಸಾಫ್ಟ್‌ವೇರ್ ತೆಗೆದುಹಾಕಿದ ಮೇಲೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ‘ಅಪ್ಪರ್‌ಫಿಲ್ಟರ್ಸ್’, ‘ಲೋವರ್‌ಫಿಲ್ಟರ್ಸ್’ ಅನ್ನುವ ನಮೂದು ಉಳಿದುಬಿಟ್ಟು ಡ್ರೈವ್ ಮಾಯವಾಗುವುದು ಹಳೇ ಕಾಯಿಲೆ. ಬಯಾಸ್‌ನಲ್ಲೂ ಇಲ್ಲದಿದ್ದರೆ ಡ್ರೈವನ್ನು ಒಮ್ಮೆ ಹೊರಗೆಳೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಬರೀ ಕನೆಕ್ಟರ್ ಸಡಿಲವಾಗಿದ್ದು, ಜನ ಸುಮ್ನೆ ಹೊಸ ಡ್ರೈವ್ ತಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ಅಳತೆ ತಪ್ಪಿದರೆ ಎಲ್ಲ ತಪ್ಪಿದಂತೆ

ಹೊಸ ಡ್ರೈವ್ ಆಗಲಿ, ಕ್ಯಾಡಿ ಆಗಲಿ, ಎರಡು ವಿಷಯ ಹೊಂದಿಕೆಯಾಗಬೇಕು: ದಪ್ಪ ಮತ್ತು ಕನೆಕ್ಟರ್.

ದಪ್ಪದಲ್ಲಿ ಮುಖ್ಯವಾಗಿ ಎರಡು ಅಳತೆ. ಹಳೆಯ ದಪ್ಪ ಲ್ಯಾಪ್‌ಟಾಪುಗಳಲ್ಲಿ 12.7 ಮಿ.ಮೀ., ಸ್ವಲ್ಪ ತೆಳ್ಳಗಿನವುಗಳಲ್ಲಿ 9.5 ಮಿ.ಮೀ. ಕೊನೆಕೊನೆಯ ಮಾದರಿಗಳಲ್ಲಿ 9.0 ಮಿ.ಮೀ. ಡ್ರೈವುಗಳೂ ಬಂದವು. ಕಣ್ಣಳತೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಡ್ರೈವ್ ಹೊರಗೆ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. ಅಳೆಯುವಾಗ ಮುಂದಿನ ಪ್ಲಾಸ್ಟಿಕ್ ಪಟ್ಟಿಯನ್ನು ಲೆಕ್ಕಕ್ಕೆ ತಗೊಳ್ಳಬೇಡಿ, ಲೋಹದ ಮೈಯನ್ನು ಮಾತ್ರ ಅಳೆಯಿರಿ. ದಪ್ಪ ಜಾಗಕ್ಕೆ ತೆಳ್ಳಗಿನದು ಹಾಕಿದರೆ ಒಳಗೆ ಕುಣಿಯುತ್ತದೆ. ತೆಳ್ಳಗಿನ ಜಾಗಕ್ಕೆ ದಪ್ಪದ್ದು ಹೋಗುವುದೇ ಇಲ್ಲ.

ಕನೆಕ್ಟರಿನಲ್ಲೂ ಎರಡು ಬಗೆ. ಸುಮಾರು 2008ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಐಡಿಇ ಅನ್ನುವ ಹಳೆ ಬಗೆ ಇರುವುದು ಸಾಮಾನ್ಯ. ಹಿಂಬದಿಯಲ್ಲಿ ಒಂದೇ ಉದ್ದನೆಯ, ಒತ್ತೊತ್ತಾದ 50 ಪಿನ್ನಿನ ಕನೆಕ್ಟರ್ ಕಂಡರೆ ಅದು ಐಡಿಇ. ಆಮೇಲಿನವು ಸಾಟಾ ಅನ್ನುವ ಹೊಸ ಬಗೆ. ಎರಡು ತುಂಡಾಗಿ ಕಾಣುವ ಚಪ್ಪಟೆ ಕನೆಕ್ಟರ್, ಮಾಹಿತಿಗೆ ಒಂದರಲ್ಲಿ 7 ಪಿನ್, ವಿದ್ಯುತ್ತಿಗೆ ಇನ್ನೊಂದರಲ್ಲಿ 6. ಹಾರ್ಡ್ ಡಿಸ್ಕಿನ ಸಾಟಾದಲ್ಲಿ ವಿದ್ಯುತ್ತಿಗೆ 15 ಪಿನ್ ಇರುತ್ತದೆ, ಇಲ್ಲಿ 6 ಮಾತ್ರ. ಅದಕ್ಕೇ ಹಾರ್ಡ್ ಡಿಸ್ಕನ್ನು ನೇರವಾಗಿ ಈ ಜಾಗಕ್ಕೆ ಸಿಗಿಸಲು ಬರುವುದಿಲ್ಲ, ನಡುವೆ ಕ್ಯಾಡಿ ಬೇಕು.

ಐಡಿಇ ಯಂತ್ರದವರಿಗೆ ಒಂದು ಕಿವಿಮಾತು. ಆ ಕಾಲದಲ್ಲಿ ಒಂದೇ ಕೇಬಲಿನ ಎರಡು ಡ್ರೈವುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಮಾಸ್ಟರ್, ಸ್ಲೇವ್ ಅನ್ನುವ ವ್ಯವಸ್ಥೆ ಇತ್ತು. ಲ್ಯಾಪ್‌ಟಾಪ್ ಡ್ರೈವುಗಳಲ್ಲಿ ಅದನ್ನು ಬದಲಿಸುವ ಜಂಪರ್ (ಪಿನ್‌ಗಳ ಮೇಲೆ ಕೂರುವ ಪುಟ್ಟ ತುಂಡು) ಇರುವುದಿಲ್ಲ, ಡ್ರೈವಿನ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್‌ನಲ್ಲೇ ಕೂತಿರುತ್ತದೆ. ಬೇರೆ ಯಂತ್ರದಿಂದ ತೆಗೆದ ಡ್ರೈವ್ ಹಾಕಿದಾಗ ಬಯಾಸ್ ಹಠ ಹಿಡಿಯುವುದು ಇದರಿಂದಲೇ. ನಿಮ್ಮ ಲ್ಯಾಪ್‌ಟಾಪ್ ಮಾದರಿಗೇ ಹೊಂದುವ ಡ್ರೈವ್ ಸಿಗದಿದ್ದರೆ ಒಳಗಿನ ಡ್ರೈವಿನ ಆಸೆ ಬಿಟ್ಟು ಯುಎಸ್‌ಬಿ ಕಡೆ ಹೋಗಿ.

ಅದೇ ಥರದ ಡಿವಿಡಿ ರೈಟರ್

ಎಲ್ಲಕ್ಕಿಂತ ಸರಳ ದಾರಿ ಇದು. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಹಿಡಿದಿರುವುದು ಒಂದೇ ಸ್ಕ್ರೂ. ಯಂತ್ರವನ್ನು ಮಗುಚಿ ನೋಡಿದರೆ ಪಕ್ಕದಲ್ಲಿ ಪುಟ್ಟ ಡಿಸ್ಕಿನ ಚಿತ್ರ ಇರುತ್ತದೆ. ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ, ಆ ಸ್ಕ್ರೂ ಬಿಚ್ಚಿ, ಡ್ರೈವನ್ನು ಪಕ್ಕಕ್ಕೆ ಎಳೆಯಿರಿ. ಡ್ರಾಯರ್ ಎಳೆದ ಹಾಗೆ ಬರುತ್ತದೆ. ಥಿಂಕ್‌ಪ್ಯಾಡ್‌ನ ಅಲ್ಟ್ರಾಬೇ ಇರುವ ಮಾದರಿಗಳಲ್ಲಿ, ಡೆಲ್ ಲ್ಯಾಟಿಟ್ಯೂಡ್‌ನ ಕೆಲವು ಹಳೆ ಮಾದರಿಗಳಲ್ಲಿ ಸ್ಕ್ರೂಡ್ರೈವರ್ ಕೂಡ ಬೇಡ, ಚಿಲಕ ಸರಿಸಿ ಎಳೆದರೆ ಸಾಕು.

ಕಷ್ಟ ಬರುವುದು ಮುಂದಿನ ಪ್ಲಾಸ್ಟಿಕ್ ಪಟ್ಟಿಯಲ್ಲಿ, ಅಂದರೆ ಬೆಜೆಲ್‌ನಲ್ಲಿ. ಹೊಸ ಡ್ರೈವಿಗೆ ಬರುವ ಪಟ್ಟಿ ಚಪ್ಪಟೆಯಾಗಿರುತ್ತದೆ, ನಿಮ್ಮ ಲ್ಯಾಪ್‌ಟಾಪಿನ ಅಂಚು ಬಾಗಿರುತ್ತದೆ. ಹಳೇ ಡ್ರೈವಿನ ಪಟ್ಟಿಯನ್ನೇ ತೆಗೆದು ಹೊಸದಕ್ಕೆ ಹಾಕಬೇಕು. ನಾನು ಮೊದಲ ಸಲ ಟ್ರೇ ಮುಚ್ಚಿಟ್ಟುಕೊಂಡೇ ಉಗುರು ಸಿಗಿಸಿ ಎಳೆದೆ. ಟಕ್ ಅಂದಿತು, ಒಂದು ಕೊಕ್ಕೆ ಮುರಿದು ಮೇಜಿನ ಮೇಲೆ ಬಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಿತ್ತು ಅಷ್ಟೆ. ಆದರೆ ಆ ಮೂಲೆ ಇವತ್ತಿಗೂ ಕೂದಲೆಳೆಯಷ್ಟು ಎದ್ದುನಿಂತಿದೆ. ಮಾಡಬೇಕಾದ ಕ್ರಮ ಬೇರೆ. ಪಟ್ಟಿಯಲ್ಲಿರುವ ಸೂಜಿ ತೂತಿಗೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ತೂರಿಸಿ, ಟ್ರೇ ಹೊರಗೆ ತನ್ನಿ. ಆಗ ಕೊಕ್ಕೆಗಳು ಎಲ್ಲಿವೆ ಅಂತ ಕಾಣುತ್ತದೆ. ಒಂದೊಂದಾಗಿ ಒಳಕ್ಕೆ ಒತ್ತುತ್ತಾ ಬಿಡಿಸಿ. ಹಿಂಬದಿಯಲ್ಲಿ ಎರಡು ಪುಟ್ಟ ಸ್ಕ್ರೂಗಳಿಂದ ಹಿಡಿದಿರುವ ಲೋಹದ ತುಂಡು ಇರುತ್ತದೆ. ಅದನ್ನೂ ಮರೆಯದೆ ಹೊಸ ಡ್ರೈವಿಗೆ ಹಾಕಿ. ಅದಿಲ್ಲದಿದ್ದರೆ ಕೆಳಗಿನ ಸ್ಕ್ರೂಗೆ ಹಿಡಿತವೇ ಇರುವುದಿಲ್ಲ.

ವೇಗದ ಆಸೆಗೆ ಮಾತ್ರ ಈ ದಾರಿ ಹಿಡಿಯಬೇಡಿ. ಲ್ಯಾಪ್‌ಟಾಪಿನ ತೆಳು ಡ್ರೈವುಗಳು ಡಿವಿಡಿಯಲ್ಲಿ 8ಎಕ್ಸ್‌ಗೆ ನಿಂತುಬಿಟ್ಟಿವೆ. 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ, ಹಾಗಾಗಿ 8ಎಕ್ಸ್ ಅಂದರೆ ಸುಮಾರು 11 ಎಂಬಿ. ನಿಮ್ಮ ಹಳೆಯದೂ ಅಷ್ಟೇ ಇತ್ತು, ಹೊಸದೂ ಅಷ್ಟೇ. ಇನ್ನು ಡ್ರೈವ್ ಬದಲಾಯಿಸಿದ ಮೇಲೂ ಸಿನಿಮಾ ಡಿವಿಡಿ ಓಡುತ್ತಿಲ್ಲ ಅಂತ ಗಾಬರಿ ಬೇಡ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ವಿಂಡೋಸ್ ಜೊತೆಗೆ ತಾನಾಗಿ ಬರುವುದಿಲ್ಲ. ಉಚಿತವಾಗಿ ಸಿಗುವ ವಿಎಲ್‌ಸಿ ಹಾಕಿಕೊಂಡರೆ ಮುಗಿಯಿತು. ಬೇರೆ ಬೇರೆ ಪ್ರದೇಶದ ಸಿನಿಮಾ ಡಿಸ್ಕ್ ನೋಡುವವರು ನೆನಪಿಡಿ: ಡ್ರೈವಿನ ರೀಜನ್ ಕೋಡ್ (ಯಾವ ಪ್ರದೇಶದ ಡಿಸ್ಕ್ ಓದಬೇಕು ಅನ್ನುವ ಗುರುತು) ಬದಲಿಸಲು ಅವಕಾಶ ಇರುವುದು 5 ಸಲ ಮಾತ್ರ, ಆಮೇಲೆ ಅದು ಅಲ್ಲೇ ಗಟ್ಟಿಯಾಗುತ್ತದೆ.

ಬ್ಲೂ-ರೇ ಅನ್ನುವ ಆಸೆ

ಹೇಗೂ ಬದಲಾಯಿಸುತ್ತಿದ್ದೇನೆ, ಬ್ಲೂ-ರೇನೇ ಹಾಕಿಬಿಡೋಣ ಅಂತ ಅನ್ನಿಸುವುದು ಸಹಜ, ಅಲ್ವಾ? ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ ಹಿಡಿದರೆ, ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ, ಎರಡು ಪದರದಲ್ಲಿ 50 ಜಿಬಿ. ಬ್ಲೂ-ರೇಯ ಇನ್ನೂ ದೊಡ್ಡ ಬಗೆಯಾದ ಬಿಡಿಎಕ್ಸ್‌ಎಲ್ ಡಿಸ್ಕಿನಲ್ಲಿ 100 ಅಥವಾ 128 ಜಿಬಿ. ಫೋಟೋ, ವಿಡಿಯೋಗಳನ್ನು ಡಿಸ್ಕಿನಲ್ಲಿ ಬರೆದು ವರ್ಷಗಟ್ಟಲೆ ಎತ್ತಿಡುವ ಅಭ್ಯಾಸ ಇರುವವರಿಗೆ ಇದು ನಿಜವಾಗಿ ಉಪಯೋಗ.

ಸಿನಿಮಾ ನೋಡುವುದಕ್ಕಾಗಿ ಮಾತ್ರ ಬೇಡ ಅಂತ ಕೈಮುಗಿದು ಹೇಳುತ್ತೇನೆ. ಬ್ಲೂ-ರೇ ಸಿನಿಮಾಗಳಿಗೆ ಎಎಸಿಎಸ್ ಅನ್ನುವ ಬೀಗ ಇದೆ. ಅದನ್ನು ತೆರೆಯಲು ಪರವಾನಗಿ ಇರುವ ಸಾಫ್ಟ್‌ವೇರ್ ಬೇರೆ ಕೊಳ್ಳಬೇಕು. ಹೊರಗಿನ ಪರದೆಗೆ ಜೋಡಿಸಿದರೆ ಆ ಪರದೆಯೂ ಎಚ್‌ಡಿಸಿಪಿ ಅನ್ನುವ ನಕಲು ತಡೆಯನ್ನು ಒಪ್ಪಬೇಕು. ಹಳೆ ಗ್ರಾಫಿಕ್ಸ್ ಚಿಪ್‌ಗೆ ಈ ವಿಡಿಯೋ ಬಿಡಿಸುವ ಶಕ್ತಿ ಇಲ್ಲದಿದ್ದರೆ ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದು ಚಿತ್ರ ತಡೆತಡೆದು ಓಡುತ್ತದೆ, ಫ್ಯಾನ್ ಕೂಗುತ್ತದೆ. 4ಕೆ ಬ್ಲೂ-ರೇ ಅಂತೂ ಹಳೆ ಲ್ಯಾಪ್‌ಟಾಪಿಗೆ ದೂರದ ಮಾತು. ಅದನ್ನು ಅಧಿಕೃತ ಸಾಫ್ಟ್‌ವೇರ್‌ನಲ್ಲಿ ನೋಡಲು ಇಂಟೆಲ್ ಪ್ರೊಸೆಸರಿನಲ್ಲಿ ಎಸ್‌ಜಿಎಕ್ಸ್ ಅನ್ನುವ ಸೌಲಭ್ಯ ಬೇಕು. ಅದು ಶುರುವಾದದ್ದೇ 2015ರ 6ನೇ ತಲೆಮಾರಿನಿಂದ. ವಿಚಿತ್ರ ಅಂದರೆ 11ನೇ ತಲೆಮಾರಿನಿಂದ ಇಂಟೆಲ್ ಅದನ್ನು ಮನೆಬಳಕೆಯ ಪ್ರೊಸೆಸರುಗಳಿಂದ ತೆಗೆದೂ ಬಿಟ್ಟಿತು.

ಆದರೂ ಬೇಕೇ ಬೇಕು ಅನ್ನುವವರು ‘ಕಾಂಬೊ’ ಅನ್ನುವ ಪದ ನೋಡಿ ಮೋಸ ಹೋಗಬೇಡಿ. ಕಾಂಬೊ ಡ್ರೈವ್ ಬ್ಲೂ-ರೇ ಓದುತ್ತದೆ, ಬರೆಯುವುದು ಸಿಡಿ, ಡಿವಿಡಿ ಮಾತ್ರ. ಬರೆಯಲೂ ಬೇಕಿದ್ದರೆ ಬಿಡಿ-ಆರ್‌ಇ ಅಂತ ಇರುವುದು ತಗೊಳ್ಳಿ. ನನ್ನ ಮಾತು ಕೇಳಿದರೆ ಬ್ಲೂ-ರೇಯನ್ನು ಹೊರಗಿನ ಡ್ರೈವ್ ಆಗಿಯೇ ಕೊಳ್ಳಿ. ಲ್ಯಾಪ್‌ಟಾಪ್ ಹೋದರೂ ಡ್ರೈವ್ ಮುಂದಿನ ಯಂತ್ರಕ್ಕೆ ಬರುತ್ತದೆ.

ಹೊರಗಿನ ಯುಎಸ್‌ಬಿ ಡ್ರೈವ್

ಸ್ಕ್ರೂಡ್ರೈವರ್ ಮುಟ್ಟಲು ಹೆದರುವವರಿಗೆ ಇದೇ ಸರಿ. ದಪ್ಪ, ಕನೆಕ್ಟರ್, ಬೆಜೆಲ್ ಯಾವ ತಲೆಬಿಸಿಯೂ ಇಲ್ಲ. ಮನೆಯ ಎಲ್ಲ ಕಂಪ್ಯೂಟರಿಗೂ ಒಂದೇ ಸಾಕು.

ತೊಂದರೆ ಬರುವುದು ವಿದ್ಯುತ್ತಿನಲ್ಲಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿ ಆಂಪಿಯರ್, 3.0 ಪೋರ್ಟ್ 900. ಡ್ರೈವ್ ಮೋಟರ್ ತಿರುಗಲು ಶುರುವಾಗುವ ಕ್ಷಣದಲ್ಲಿ, ಡಿಸ್ಕ್ ಬರೆಯುವಾಗ ಅದಕ್ಕಿಂತ ಜಾಸ್ತಿ ಕೇಳುತ್ತದೆ. ಹಳೆ ಲ್ಯಾಪ್‌ಟಾಪಿನ ಪೋರ್ಟ್ ಅಷ್ಟು ಕೊಡಲಾಗದೆ ಹೋದರೆ ಡ್ರೈವ್ ಪದೇ ಪದೇ ಕಡಿದುಹೋಗಿ ಮತ್ತೆ ಸೇರಿಕೊಳ್ಳುತ್ತದೆ. ಬರೆಯುತ್ತಿದ್ದ ಡಿಸ್ಕ್ ಅರ್ಧಕ್ಕೆ ಹಾಳಾಗುತ್ತದೆ. ಎರಡು ಯುಎಸ್‌ಬಿ ಮೂತಿ ಇರುವ ವೈ ಕೇಬಲ್ ಜೊತೆ ಬರುವ ಡ್ರೈವ್ ತಗೊಂಡರೆ ಈ ಕಾಟ ಇರುವುದಿಲ್ಲ. ಇಲ್ಲವೇ ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಇಡಿ. ಸಾದಾ ಹಬ್ ಬೇಡ, ಅದು ಇದ್ದದ್ದನ್ನೇ ಹಂಚುತ್ತದೆ.

ಆಪರೇಟಿಂಗ್ ಸಿಸ್ಟಮ್ ಹಾಕಲು ಈ ಡ್ರೈವ್ ಬೇಕಾಗಿದ್ದರೆ, ಯುಎಸ್‌ಬಿ ಡ್ರೈವಿನಿಂದ ಬೂಟ್ ಆಗುವ (ಅಂದರೆ ಯಂತ್ರ ಶುರುವಾಗುವ) ಆಯ್ಕೆ ಬಯಾಸ್‌ನಲ್ಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಹಾಗೆ ನೋಡಿದರೆ ಆ ಕೆಲಸಕ್ಕೆ ಈಗ ಡಿಸ್ಕ್ ಬೇಕಾಗಿಯೇ ಇಲ್ಲ, ಪೆನ್ ಡ್ರೈವ್ ಸಾಕು.

ಡ್ರೈವ್ ತೆಗೆದು ಕ್ಯಾಡಿ ಹಾಕುವುದು

ನನ್ನ ಲ್ಯಾಪ್‌ಟಾಪಿಗೆ ಕೊನೆಗೆ ನಾನು ಮಾಡಿದ್ದು ಇದನ್ನೇ. ಕ್ಯಾಡಿ ಅಂದರೆ ಡಿವಿಡಿ ಡ್ರೈವಿನ ಆಕಾರದ ಒಂದು ಖಾಲಿ ತಟ್ಟೆ. ಒಳಗೆ 2.5 ಇಂಚಿನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಕೂರುತ್ತದೆ, ಹಿಂದೆ ಡಿವಿಡಿ ಡ್ರೈವಿನದ್ದೇ ಕನೆಕ್ಟರ್. 7 ಮಿ.ಮೀ., 9.5 ಮಿ.ಮೀ. ದಪ್ಪದ ಡಿಸ್ಕುಗಳು ಇದರಲ್ಲಿ ಹಿಡಿಸುತ್ತವೆ. ಹೊರಗಿನ ಪೆಟ್ಟಿಗೆಯಿಂದ ಬಿಚ್ಚಿದ 15 ಮಿ.ಮೀ. ದಪ್ಪದ ಡಿಸ್ಕ್ ಹಿಡಿಸುವುದಿಲ್ಲ.

ಜನ ಸಾಮಾನ್ಯವಾಗಿ ತಪ್ಪು ಮಾಡುವುದು ಇಲ್ಲೇ. ಹಳೆ ಹಾರ್ಡ್ ಡಿಸ್ಕ್ ಅಲ್ಲೇ ಇರಲಿ, ಹೊಸ ಎಸ್‌ಎಸ್‌ಡಿ ಕ್ಯಾಡಿಯಲ್ಲಿ ಇರಲಿ ಅಂದುಕೊಳ್ಳುತ್ತಾರೆ, ಅದು ಸುಲಭ ಅಂತ. ಉಲ್ಟಾ ಮಾಡಿ. ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕಿನ ಮೂಲ ಜಾಗಕ್ಕೆ ಹಾಕಿ, ಹಾರ್ಡ್ ಡಿಸ್ಕನ್ನು ಕ್ಯಾಡಿಗೆ ಕಳಿಸಿ. ಕೆಲವು ಬಯಾಸ್‌ಗಳು ಡಿವಿಡಿ ಜಾಗದಲ್ಲಿರುವ ಡಿಸ್ಕಿನಿಂದ ಬೂಟ್ ಆಗಲು ಒಪ್ಪುವುದೇ ಇಲ್ಲ. ವೇಗದ ಮಾತೂ ಇದೆ. ಸಾಟಾದಲ್ಲಿ ಮೂರು ಹಂತ: ಸೆಕೆಂಡಿಗೆ 1.5, 3, 6 ಗಿಗಾಬಿಟ್. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕಿನ ಪೋರ್ಟ್ ವೇಗದ್ದು, ಡಿವಿಡಿ ಪೋರ್ಟ್ ಅದಕ್ಕಿಂತ ಒಂದು ಹಂತ ಕೆಳಗಿನದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದರೆ ‘ಸಾಟಾ/300’ ಅಥವಾ ‘ಸಾಟಾ/600’ ಅಂತ ತೋರಿಸುತ್ತದೆ. 300 ಅಂದರೆ 3 ಗಿಗಾಬಿಟ್, 600 ಅಂದರೆ 6. ಹಳೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲೇ ಓಡುವುದರಿಂದ ನಿಧಾನದ ಪೋರ್ಟಿನಲ್ಲಿದ್ದರೂ ಅದಕ್ಕೆ ನಷ್ಟವಿಲ್ಲ. ಎಸ್‌ಎಸ್‌ಡಿಗೆ ನಷ್ಟ ಇದೆ.

ಇದಕ್ಕೊಂದು ಎದುರು ಮಾತೂ ಉಂಟು. ಕೆಲವು ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕಿನ ಮೂಲ ಜಾಗಕ್ಕೆ ರಬ್ಬರ್ ಮೆತ್ತೆ ಇರುತ್ತದೆ, ಕ್ಯಾಡಿಯಲ್ಲಿ ಅದು ಇಲ್ಲ. ತಿರುಗುವ ಡಿಸ್ಕ್ ಕ್ಯಾಡಿಯಲ್ಲಿದ್ದರೆ ಅಂಗೈ ಇಡುವ ಜಾಗದಲ್ಲಿ ಸಣ್ಣಗೆ ನಡುಕ ತಿಳಿಯುತ್ತದೆ. ಲ್ಯಾಪ್‌ಟಾಪ್ ಆನ್ ಇರುವಾಗಲೇ ಅಲ್ಲಿಂದಿಲ್ಲಿಗೆ ಹೊತ್ತು ಓಡಾಡುವವರು ಎರಡೂ ಕಡೆ ಎಸ್‌ಎಸ್‌ಡಿ ಹಾಕುವುದೇ ಲೇಸು. ಬರೀ ಫೈಲ್ ಇಡಲು ಬಳಸುವವರು ಪವರ್ ಸೆಟ್ಟಿಂಗ್‌ನಲ್ಲಿ ಕೆಲವು ನಿಮಿಷಕ್ಕೆ ಹಾರ್ಡ್ ಡಿಸ್ಕ್ ನಿಲ್ಲುವಂತೆ ಮಾಡಿಟ್ಟರೆ ನಡುಕವೂ ಇಲ್ಲ, ಬ್ಯಾಟರಿಯೂ ಉಳಿಯುತ್ತದೆ.

ಕ್ಯಾಡಿ ಹಾಕಿದ ಮೇಲೆ ಡಿಸ್ಕ್ ಕಾಣದಿದ್ದರೆ ಕ್ಯಾಡಿಯ ಪಕ್ಕದಲ್ಲಿ ಪುಟ್ಟ ಸ್ವಿಚ್ ಇದೆಯಾ ನೋಡಿ. ಬೇರೆ ಬೇರೆ ಕಂಪನಿಯ ಯಂತ್ರಕ್ಕೆ ಹೊಂದಿಸಲು ಕೆಲವದರಲ್ಲಿ ಅದನ್ನು ಕೊಟ್ಟಿರುತ್ತಾರೆ. ಸೂಜಿ ತುದಿಯಿಂದ ಇನ್ನೊಂದು ಸ್ಥಾನಕ್ಕೆ ಸರಿಸಿ ಮತ್ತೆ ಹಾಕಿ.

ಇನ್ನು ತೆಗೆದ ಡಿವಿಡಿ ಡ್ರೈವ್. ಅದು ಕೆಲಸ ಮಾಡುತ್ತಿದ್ದರೆ ದಯವಿಟ್ಟು ಎಸೆಯಬೇಡಿ. ತೆಳು ಡ್ರೈವಿಗೆಂದೇ ಯುಎಸ್‌ಬಿ ಪೆಟ್ಟಿಗೆಗಳು ಸಿಗುತ್ತವೆ. ಮತ್ತದೇ ಲೆಕ್ಕ, 12.7 ಅಥವಾ 9.5 ಮಿ.ಮೀ., ಸಾಟಾ ಅಥವಾ ಐಡಿಇ. ಅದರಲ್ಲಿ ಕೂರಿಸಿದರೆ ಹಳೆ ಡ್ರೈವೇ ನಿಮ್ಮ ಹೊರಗಿನ ಡ್ರೈವ್ ಆಗುತ್ತದೆ. ಬೆಜೆಲ್ ಮಾತ್ರ ಕ್ಯಾಡಿಯ ಮುಂದಕ್ಕೆ ಹಾಕಿ, ಲ್ಯಾಪ್‌ಟಾಪಿನ ಅಂಚು ಮೊದಲಿನಂತೆಯೇ ಕಾಣುತ್ತದೆ.

ಯಾವುದನ್ನು ಆರಿಸಿದರೂ ಮೊದಲು ಇದನ್ನು ಮಾಡಿ

ಕಪಾಟಿನಲ್ಲಿರುವ ಡಿಸ್ಕುಗಳನ್ನು ಹೊರತೆಗೆಯಿರಿ. ಡ್ರೈವ್ ಅಲ್ಪಸ್ವಲ್ಪ ಓದುತ್ತಿರುವಾಗಲೇ ಅವುಗಳಲ್ಲಿರುವುದನ್ನು ನಕಲು ಮಾಡಿಕೊಳ್ಳಿ. ಒಂದು ಸಿಡಿಯಲ್ಲಿ ಹಿಡಿಸುವುದು 700 ಎಂಬಿ, ಐವತ್ತು ಸಿಡಿ ಸೇರಿದರೂ 35 ಜಿಬಿ. ಇವತ್ತಿನ ಸಾದಾ ಪೆನ್ ಡ್ರೈವಿನಲ್ಲಿ ಕೂರುತ್ತದೆ. ಫೈಲುಗಳಿರುವ ಡಿಸ್ಕನ್ನು ಐಎಸ್‌ಒ (ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲ್) ಆಗಿ ಪೂರ್ತಿ ಎತ್ತಿಡಿ. ಹಾಡಿನ ಸಿಡಿಗಳಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಒಳ್ಳೆಯದು, ಅದು ಅನುಮಾನ ಬಂದ ಕಡೆ ಮತ್ತೆ ಮತ್ತೆ ಓದಿ ನೋಡುತ್ತದೆ. ಲಿನಕ್ಸ್ ಬಳಸುವವರಿಗೆ ಡಿಡಿರೆಸ್ಕ್ಯೂ ಇದೆ. ಓದಲು ಬಂದ ಭಾಗ ಮೊದಲು ತಗೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಹಿಂತಿರುಗುತ್ತದೆ.

ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಡ್ರೈವ್ ಓದಿಬಿಡುವುದುಂಟು. ಹಾಗಾಗಿ ಓದದೇ ಉಳಿದವನ್ನು ಬಿಸಾಡದೆ ಒಂದು ಕವರಿಗೆ ಹಾಕಿ, ಮೇಲೆ ದಿನಾಂಕ ಬರೆದಿಡಿ. ನಾನು ಹಾಗೆ ತೆಗೆದಿಟ್ಟಿದ್ದ ಏಳು ಡಿಸ್ಕುಗಳಲ್ಲಿ ನಾಲ್ಕು, ಗೆಳೆಯನ ಡ್ರೈವಿನಲ್ಲಿ ಮೊದಲ ಸಲಕ್ಕೇ ತೆರೆದವು. ಅದರಲ್ಲೊಂದರಲ್ಲಿ ಅಮ್ಮನ ದನಿ ಇತ್ತು.